ಸ್ಪೇನ್‌ನ ತೆರ್ಸಿಯೋ ಪಡೆ: ಅಷ್ಟು ವರ್ಷ ಗೆದ್ದಿದ್ದು ಹೇಗೆ, ಪದೇಪದೇ ದಂಗೆ ಎದ್ದಿದ್ದು ಯಾಕೆ?

ಪುಟತಿರುವಿ:

ಎಲ್ರಿಗೂ ನಮಸ್ಕಾರ. ಕೆಲವು ತಿಂಗಳಿಂದ 16-17ನೇ ಶತಮಾನದ ಯುರೋಪ್ ಇತಿಹಾಸ ಓದ್ತಾ ಇದೀನಿ, ಯಾವ ಪುಟ ತಿರುವಿದ್ರೂ ಸ್ಪೇನ್‌ನ ತೆರ್ಸಿಯೋ ಅನ್ನೋ ಕಾಲಾಳು ಪಡೆ ಹೆಸರು ಬರುತ್ತೆ. ಇಟಲಿಲಿ ಇವ್ರೇ, ಜರ್ಮನಿಲಿ ಇವ್ರೇ, ನೆದರ್ಲೆಂಡ್ಸ್‌ನಲ್ಲಿ ಇವ್ರೇ, 1571ರ ಲೆಪಾಂಟೊ ಸಮುದ್ರ ಯುದ್ಧದಲ್ಲಿ ಹಡಗಿನ ಮೇಲೂ ಇವ್ರೇ. ಡಾನ್ ಕ್ವಿಕ್ಸೋಟ್ ಬರೆದ ಸೆರ್ವಾಂಟಿಸ್ ಎಡಗೈ ಊನ ಮಾಡ್ಕೊಂಡಿದ್ದು ಈ ಪಡೆ ಸೈನಿಕನಾಗಿ ಲೆಪಾಂಟೊದಲ್ಲೇ.

ನನಗೆ ಅರ್ಥ ಆಗದೇ ಇರೋದು ಏನಂದ್ರೆ, ಉದ್ದನೆ ಈಟಿ ಮತ್ತೆ ಬಂದೂಕು ಆಗ ಎಲ್ರ ಹತ್ರನೂ ಇತ್ತು, ಹಾಗಿರುವಾಗ ಇವ್ರದ್ದೇನು ವಿಶೇಷ? ಇನ್ನೊಂದು, ಒಂದು ಕಡೆ ಯುರೋಪಿನಲ್ಲೇ ಅತ್ಯಂತ ಶಿಸ್ತಿನ ಪಡೆ ಅಂತಾರೆ, ಇನ್ನೊಂದು ಕಡೆ 1576ರಲ್ಲಿ ಇದೇ ಜನ ದಂಗೆ ಎದ್ದು ತಮ್ಮ ರಾಜನದ್ದೇ ಊರಾದ ಆಂಟ್ವರ್ಪನ್ನ ಸುಟ್ಟು ಲೂಟಿ ಮಾಡಿದ್ರು ಅಂತಾರೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ? ಆಮೇಲೆ 1643ರ ರೊಕ್ರುವಾ ಯುದ್ಧದಲ್ಲಿ ಇವರ ಕಥೆ ಮುಗೀತು ಅಂತ ಎಲ್ಲಾ ಕಡೆ ಒಂದೇ ಸಾಲಲ್ಲಿ ಬರೆದು ಬಿಟ್ಟಿರ್ತಾರೆ, ಅದು ಅಷ್ಟು ಸರಳನಾ? ತಿಳಿದೋರು ವಿವರವಾಗಿ ಬರೀರಿ, ಉದ್ದ ಆದ್ರೂ ಪರವಾಗಿಲ್ಲ, ಓದ್ತೀನಿ.

ಕೋಟೆಬಾಗಿಲು:

ಒಳ್ಳೆ ಪ್ರಶ್ನೆ. ಮೊದಲನೇದಕ್ಕೆ ನಾನು ಹೇಳ್ತೀನಿ.

ಇದರ ಬೇರು ಇರೋದು ಇಟಲಿಲಿ. ನೇಪಲ್ಸ್ ಯಾರದ್ದು ಅಂತ ಫ್ರಾನ್ಸು ಸ್ಪೇನು ಕಿತ್ತಾಡ್ತಿದ್ದ ಕಾಲ. ಆಗ ರಣರಂಗದಲ್ಲಿ ಎಲ್ರೂ ಹೆದರ್ತಿದ್ದಿದ್ದು ಎರಡಕ್ಕೆ, ಮೈತುಂಬ ಕವಚ ತೊಟ್ಟ ಫ್ರೆಂಚ್ ಕುದುರೆ ಸವಾರರಿಗೆ ಮತ್ತೆ ಸ್ವಿಸ್ ಈಟಿಗಾರರಿಗೆ. 1495ರಲ್ಲಿ ಸೆಮಿನಾರಾ ಅನ್ನೋ ಕಡೆ ಸ್ಪೇನ್ ಸೇನಾಪತಿ ಗೊನ್ಸಾಲೊ ಫೆರ್ನಾಂಡಿಸ್ ದೆ ಕೊರ್ದೊಬಾ, ಗ್ರಾನ್ ಕಪಿತಾನ್ ಅಂತ ಹೆಸರಾದವನು, ಈ ಜೋಡಿ ಎದುರು ಸೋತ. ಸೋತವನು ಸುಮ್ನೆ ಕೂರಲಿಲ್ಲ, ಪಡೆ ಕಟ್ಟೋ ರೀತಿನೇ ಬದಲಾಯಿಸ್ದ, ಹಗುರ ಆಯುಧದ ಜನಾನ ಕಮ್ಮಿ ಮಾಡಿ ಬಂದೂಕಿನೋರ್ನ ಹೆಚ್ಚು ಮಾಡ್ದ. 1503ರ ಏಪ್ರಿಲ್‌ನಲ್ಲಿ ಚೆರಿನ್ಯೋಲಾದಲ್ಲಿ ಕಂದಕ ತೋಡಿಸಿ, ತೋಡಿದ ಮಣ್ಣನ್ನೇ ದಿಬ್ಬ ಮಾಡಿ, ಅದರ ಹಿಂದೆ ಬಂದೂಕಿನೋರ್ನ ನಿಲ್ಲಿಸ್ದ. ಸಂಜೆ ಹೊತ್ತಿಗೆ ಫ್ರೆಂಚರು ನುಗ್ಗಿ ಬಂದ್ರು, ಕಂದಕದ ಹತ್ರ ಬಂದು ದಾಟೋಕಾಗದೆ ಅಡ್ಡಡ್ಡ ತಿರುಗಿದ್ರು, ಆ ಹೊತ್ತಿಗೇ ಗುಂಡು ಬಿತ್ತು, ಅವರ ಸೇನಾಪತಿ ನೆಮೂರ್ ಡ್ಯೂಕ್ ಅಲ್ಲೇ ಸತ್ತ. ಬೆಂಕಿ ಬತ್ತಿ ಹಚ್ಚಿ ಹಾರಿಸೋ ಆರ್ಕ್ವೆಬಸ್ ಬಂದೂಕು ಒಂದು ದೊಡ್ಡ ಯುದ್ಧಾನ ತೀರ್ಮಾನ ಮಾಡಿದ ಮೊದಮೊದಲ ಉದಾಹರಣೆ ಇದು. 1525ರಲ್ಲಿ ಪಾವಿಯಾದಲ್ಲಿ ಫ್ರಾನ್ಸ್ ರಾಜ ಒಂದನೇ ಫ್ರಾನ್ಸಿಸ್‌ನೇ ಸೆರೆ ಸಿಕ್ಕ, ಅಲ್ಲೂ ಕವಚದ ಸವಾರರನ್ನ ಉರುಳಿಸಿದ್ದು ಇದೇ ಬಂದೂಕು.

ಈ ಅನುಭವಾನೆಲ್ಲ ಸೇರಿಸಿ ಸ್ಪೇನ್ ರಾಜ ಐದನೇ ಚಾರ್ಲ್ಸ್ 1536ರಲ್ಲಿ ಜಿನೋವಾದಲ್ಲಿ ಆದೇಶ ಹೊರಡಿಸಿದಾಗ ಅದರಲ್ಲಿ ನೇಪಲ್ಸ್, ಸಿಸಿಲಿ, ಲೊಂಬಾರ್ಡಿ ತೆರ್ಸಿಯೋಗಳ ಹೆಸರು ಬರುತ್ತೆ. ಕಾಗದದ ಮೇಲೆ ಒಂದೊಂದರಲ್ಲಿ ಸುಮಾರು 3,000 ಜನ, ನಿಜವಾಗಿ ಅರ್ಧ ಇದ್ರೆ ಹೆಚ್ಚು. ಮಧ್ಯೆ ಐದು ಮೀಟರ್ ಹತ್ತಿರದ ಈಟಿ ಹಿಡಿದೋರ ದೊಡ್ಡ ಚೌಕ, ಸುತ್ತ ಬಂದೂಕಿನೋರ ಸಣ್ಣ ಸಣ್ಣ ತುಕಡಿ, ಕುದುರೆ ಪಡೆ ಮೇಲೆ ಬಿದ್ರೆ ಬಂದೂಕಿನೋರು ಈಟಿಗಳ ಮರೆಗೆ ಬರ್ತಿದ್ರು.

ಆದ್ರೆ ನೀವು ಕೇಳಿದ್ದು ಸರಿ, ಆಯುಧ ಎಲ್ರ ಹತ್ರನೂ ಇತ್ತು. ವ್ಯತ್ಯಾಸ ಬೇರೆ ಕಡೆ ಇದೆ. ಉಳಿದ ರಾಜರು ಯುದ್ಧ ಬಂದಾಗ ಬಾಡಿಗೆ ಸೈನಿಕರನ್ನ ಕರೆಸಿ ಯುದ್ಧ ಮುಗಿದ ಮೇಲೆ ಮನೆಗೆ ಕಳಿಸ್ತಿದ್ರು, ಇವರು ಮಾತ್ರ ವರ್ಷಗಟ್ಟಲೆ, ಎಷ್ಟೋ ಜನ ಸಾಯೋ ತನಕ ಸೇವೆಯಲ್ಲೇ ಇರ್ತಿದ್ರು. ಹೊಸದಾಗಿ ಸೇರಿದ ಹುಡುಗನ್ನ ನೇರ ಯುದ್ಧಕ್ಕೆ ತಳ್ತಿರಲಿಲ್ಲ. ಕ್ಯಾಸ್ಟೀಲ್‌ನಲ್ಲಿ ಸೇರಿಸ್ಕೊಂಡು ಮೊದಲು ನೇಪಲ್ಸಿಗೋ ಮಿಲಾನ್‌ಗೋ ಸಿಸಿಲಿಗೋ ಕೋಟೆ ಕಾವಲಿಗೆ ಕಳಿಸೋದು, ಅಲ್ಲಿ ಹಳಬರ ಜೊತೆ ಪಳಗಿದ ಮೇಲೆ ಆ ಹಳಬರನ್ನ ಫ್ಲ್ಯಾಂಡರ್ಸ್ (ಅಂದ್ರೆ ಆಗ ಸ್ಪೇನ್ ರಾಜನ ಕೈಲಿದ್ದ ನೆದರ್ಲೆಂಡ್ಸ್) ಯುದ್ಧಕ್ಕೆ ಕಳಿಸಿ ಇವನನ್ನ ಅವರ ಜಾಗಕ್ಕೆ ಹಾಕೋದು. ಅಂದ್ರೆ ಇಟಲಿ ಪೂರ್ತಿ ಇವರಿಗೆ ತರಬೇತಿ ಶಾಲೆ ಇದ್ದ ಹಾಗೆ. ಆಮೇಲೆ ಹಿದಾಲ್ಗೊ ಅನ್ನೋ ಕುಲೀನ ಮನೆತನದ ಬಡ ಹುಡುಗರು ಸಾಮಾನ್ಯ ಸೈನಿಕನಾಗಿ ಈಟಿ ಹೊತ್ಕೊಂಡು ನಡೀತಿದ್ರು, ಇವರಿಗೆ ಕಾಲಾಳು ಆಗೋದು ಅವಮಾನ ಅನಿಸ್ತಿರಲಿಲ್ಲ. ಸಾಲಲ್ಲಿ ಪಕ್ಕ ನಿಂತಿರೋನು ಮಾನಸ್ಥ ಅಂತ ಗೊತ್ತಿದ್ರೆ ಓಡಿ ಹೋಗೋಕೆ ಮನಸ್ಸು ಬರಲ್ಲ ಅಲ್ವಾ. 1539ರಲ್ಲಿ ಆಡ್ರಿಯಾಟಿಕ್ ದಡದ ಕಾಸ್ಟೆಲ್‌ನುವೊ ಕೋಟೆಲಿ ಫ್ರಾನ್ಸಿಸ್ಕೊ ಸರ್ಮಿಯೆಂತೊ ಕೈಕೆಳಗೆ ಮೂರೂವರೆ ಸಾವಿರದಷ್ಟು ಜನ ಬಾರ್ಬರೊಸಾನ ದೊಡ್ಡ ಒಟ್ಟೋಮನ್ ಸೈನ್ಯ, ನೌಕಾಪಡೆ ಎದುರು ಶರಣಾಗಲ್ಲ ಅಂತ ನಿಂತು ಹೆಚ್ಚುಕಮ್ಮಿ ಎಲ್ರೂ ಸತ್ತರು, ಸರ್ಮಿಯೆಂತೊನೂ ಸತ್ತ.

ನದಿಮುಖ:

ಕೋಟೆಬಾಗಿಲು ಅವರು ಹೇಳಿದ್ದಕ್ಕೆ ಮುಂದುವರಿಸ್ತೀನಿ. ಶಿಸ್ತು ಮತ್ತೆ ದಂಗೆ ಹೇಗೆ ಎರಡೂ ನಿಜ ಅನ್ನೋ ಪ್ರಶ್ನೆ ನನಗೆ ತುಂಬಾ ಮುಖ್ಯವಾದದ್ದು, ಯಾಕಂದ್ರೆ ಜನ ಇದನ್ನ ಎರಡು ಬೇರೆ ಕಥೆ ಅಂತ ಓದ್ತಾರೆ, ವೀರರ ಕಥೆ ಒಂದು, ಲೂಟಿಕೋರರ ಕಥೆ ಒಂದು. ನಾನು ನೋಡಿರೋ ಹಾಗೆ ಎರಡೂ ಒಂದೇ ಕಥೆ.

ಮೊದಲು 1572ರ ಅಕ್ಟೋಬರ್ ನೋಡಿ. ನೆದರ್ಲೆಂಡ್ಸ್‌ನ ಜೀಲ್ಯಾಂಡ್ ಪ್ರಾಂತ್ಯದಲ್ಲಿ ಗೂಸ್ ಅನ್ನೋ ಊರು, ಸ್ಪೇನ್ ಕಡೆಯ ಸಣ್ಣ ಕಾವಲು ಪಡೆ ಒಳಗೆ, ಹೊರಗೆ ಸ್ಪೇನ್ ರಾಜನ ವಿರುದ್ಧ ಎದ್ದಿದ್ದ ಡಚ್ ಬಂಡಾಯಗಾರರ ಮುತ್ತಿಗೆ, ಸಮುದ್ರದ ದಾರಿಯೆಲ್ಲ ಬಂಡಾಯಗಾರರ ಹಡಗುಗಳ ಕೈಲಿ. ಊರಿಗೂ ಗಟ್ಟಿ ನೆಲಕ್ಕೂ ಮಧ್ಯೆ ಹಿಂದೆ ಯಾವತ್ತೋ ಮುಳುಗಿ ಹೋದ ಹಳ್ಳಿಗಳ ಕೆಸರು ಬಯಲು, ಭರತ ಬಂದಾಗ ಆಳುದ್ದಕ್ಕಿಂತ ಹೆಚ್ಚು ನೀರು. ಕ್ರಿಸ್ತೊಬಲ್ ದೆ ಮೊಂದ್ರಾಗೊನ್ ಅನ್ನೋ ಅರವತ್ತರ ಹತ್ತಿರದ ಮುದುಕ ಸೇನಾನಿ ಸುಮಾರು 3,000 ಜನರನ್ನ ಕರ್ಕೊಂಡು ಇಳಿತದ ಹೊತ್ತು ನೋಡಿ ರಾತ್ರಿ ನೀರಿಗೆ ಇಳಿದ. ಪ್ರತಿಯೊಬ್ಬನ ಹತ್ರ ಒಂದು ಚೀಲ, ಅದರಲ್ಲಿ ಒಣ ಬಿಸ್ಕತ್ತು, ಮದ್ದು, ಬತ್ತಿ. ಚೀಲ ನೆನೀಬಾರದು ಅಂತ ತಲೆ ಮೇಲೋ ಹೆಗಲ ಮೇಲೋ ಇಟ್ಕೊಂಡು, ಎದೆ ಮಟ್ಟದ ನೀರಲ್ಲಿ, ಕಾಲ ಕೆಳಗೆ ಏನಿದೆ ಅಂತ ಕಾಣದೆ, ಭರತ ವಾಪಸ್ ಬರೋದ್ರೊಳಗೆ ಆ ಕಡೆ ಮುಟ್ಟಬೇಕು, ಇಲ್ಲ ಅಂದ್ರೆ ಎಲ್ರೂ ಸಾಯ್ತಾರೆ. ಹದಿನೈದು ಕಿಲೋಮೀಟರ್ ಹತ್ತಿರ ಹಾಗೆ ನಡೆದು ಬೆಳಗಾಗೋ ಹೊತ್ತಿಗೆ ದಡ ಹತ್ತಿದ್ರು, ಮುಳುಗಿ ಸತ್ತೋರು ಬೆರಳೆಣಿಕೆ. ಇವರು ಬಂದಿದ್ದು ನೋಡೇ ಮುತ್ತಿಗೆ ಹಾಕಿದ್ದೋರು ಹಡಗು ಹತ್ತಿ ಹೊರಟ್ರು. ಆ ನೀರಿಗೆ ಇಳಿದಿದ್ದು ಬರೀ ಸ್ಪ್ಯಾನಿಷರಲ್ಲ, ವಾಲೂನರು (ದಕ್ಷಿಣ ನೆದರ್ಲೆಂಡ್ಸ್‌ನ ಫ್ರೆಂಚ್ ಮಾತಾಡೋ ಜನ) ಜರ್ಮನ್ನರೂ ಇದ್ರು ಅನ್ನೋದು ನೆನಪಿಡಿ.

ಈಗ ನಾಲ್ಕು ವರ್ಷ ಮುಂದೆ ಬನ್ನಿ. ಅದೇ ಜೀಲ್ಯಾಂಡ್‌ನಲ್ಲಿ ಜೀರಿಕ್‌ಜೇ ಊರಿಗೆ ತಿಂಗಳುಗಟ್ಟಲೆ ಮುತ್ತಿಗೆ, ಅಲ್ಲಿಗೆ ಹೋಗೋಕೂ ಇದೇ ಥರ ನೀರು ದಾಟಿದ್ರು, 1576ರ ಬೇಸಿಗೆಲಿ ಊರು ಶರಣಾಯ್ತು. ಸೈನಿಕರಿಗೆ ಸಂಬಳ ಬಾಕಿ ವರ್ಷಗಟ್ಟಲೆದ್ದು. ಸ್ಪೇನ್ ರಾಜ ಎರಡನೇ ಫಿಲಿಪ್ ಹಿಂದಿನ ವರ್ಷ, 1575ರ ಸೆಪ್ಟೆಂಬರ್‌ನಲ್ಲಿ, ಸಾಲ ತೀರಿಸೋಕಾಗಲ್ಲ ಅಂತ ಕೈ ಎತ್ತಿಬಿಟ್ಟಿದ್ದ, ಅದಾದ ಮೇಲೆ ಫ್ಲ್ಯಾಂಡರ್ಸ್‌ಗೆ ಹಣ ಕಳಿಸೋಕೆ ಜಿನೋವಾ ಸಾಹುಕಾರರೂ ಒಪ್ಪಲಿಲ್ಲ. ಗವರ್ನರ್ ರೆಕೆಸೆನ್ಸ್ 1576ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದ, ಕೇಳೋರೇ ಇಲ್ಲ. ಊರು ಗೆದ್ದು ಕೊಟ್ಟ ಮೇಲೆ ಹಳಬರು ದಂಗೆ ಎದ್ರು. ಗಮನಿಸಿ, ಗೆದ್ದ ಮೇಲೆ. ಇವರ ಬಗ್ಗೆ ಆ ಕಾಲದಲ್ಲೇ ಇದ್ದ ಮಾತು ಅದು, ಬೇರೆ ದೇಶದ ಬಾಡಿಗೆ ಸೈನಿಕರು ಯುದ್ಧಕ್ಕೆ ಮುಂಚೆ ದುಡ್ಡು ಕೊಡಿ ಅಂತ ಕೂತ್ಕೋತಾರೆ, ಸ್ಪ್ಯಾನಿಷರು ಯುದ್ಧ ಮುಗಿಸಿ ಆಮೇಲೆ ಕೇಳ್ತಾರೆ ಅಂತ.

ಆ ದಂಗೆ ನಡೀತಿದ್ದ ರೀತಿ ನೋಡಿದ್ರೆ ಗಾಬರಿ ಆಗುತ್ತೆ. ಕುಡಿದು ಕೂಗಾಡೋ ಗುಂಪಲ್ಲ. ಮೊದಲು ಅಧಿಕಾರಿಗಳನ್ನ ಹೊರಗೆ ಕಳಿಸೋದು, ಆಮೇಲೆ ಎಲ್ರೂ ಸೇರಿ ತಮ್ಮಲ್ಲೇ ಒಬ್ಬನ್ನ ನಾಯಕ ಅಂತ ಆರಿಸೋದು, ಅವನಿಗೆ ಎಲೆಕ್ತೊ ಅಂತಾರೆ, ಅವನಿಗೆ ಸಲಹೆ ಕೊಡೋಕೆ ಒಂದು ಸಮಿತಿ, ಪತ್ರ ವ್ಯವಹಾರಕ್ಕೆ ಕಾರ್ಯದರ್ಶಿ. ಕಾವಲು, ಶಿಕ್ಷೆ, ಲೆಕ್ಕ ಎಲ್ಲ ಮೊದಲಿನ ಹಾಗೇ ನಡೀತಿತ್ತು, ಅಪ್ಪಣೆ ಮೀರಿದವನಿಗೆ ದಂಡನೆ ಇನ್ನೂ ಕಠಿಣ. ಒಂದು ಊರು ಹಿಡ್ಕೊಂಡು ಸುತ್ತಲ ಹಳ್ಳಿಗಳಿಂದ ವಸೂಲಿ ಮಾಡ್ಕೊಂಡು ಬಾಕಿ ಕೈಗೆ ಬರೋ ತನಕ ಅಲ್ಲೇ ಕೂರೋದು. 1572ರಿಂದ 1609ರ ತನಕ ಫ್ಲ್ಯಾಂಡರ್ಸ್ ಸೈನ್ಯದಲ್ಲಿ ಇಂಥ ದಂಗೆಗಳು 40ಕ್ಕೂ ಹೆಚ್ಚು ಆದವು. 1602ರಲ್ಲಿ ಹೂಗ್‌ಸ್ಟ್ರಾಟೆನ್ ಊರು ಹಿಡಿದ ದಂಗೆಕೋರರಂತೂ ವರ್ಷಗಟ್ಟಲೆ ಅಲ್ಲಿ ತಮ್ಮದೇ ಆಡಳಿತ ನಡೆಸಿದ್ರು.

ಈ ಸಂಘಟನೆ ಎಲ್ಲಿಂದ ಬಂತು? ಕಮರಾದಾ ಅಂತ ಇತ್ತು, ಎಂಟ್ಹತ್ತು ಜನ ಒಂದೇ ಬಿಡಾರದಲ್ಲಿ ಇದ್ದು, ಸಂಬಳ ಒಟ್ಟುಗೂಡಿಸಿ, ಒಂದೇ ಒಲೆಲಿ ಅಡಿಗೆ ಮಾಡ್ಕೊಂಡು, ಒಬ್ಬನಿಗೆ ಗಾಯ ಆದ್ರೆ ಉಳಿದೋರು ನೋಡ್ಕೊಂಡು ಬದುಕೋ ಪದ್ಧತಿ. ಸೇನಾನಿಗಳೇ ಇದನ್ನ ಬೆಳೆಸಿದ್ರು, ಯಾಕಂದ್ರೆ ರಾಜನ ಸಂಬಳ ಬರದೇ ಇದ್ದಾಗ ಸೈನ್ಯ ಚದುರದೆ ಉಳೀತಿದ್ದಿದ್ದು ಇದರಿಂದಲೇ. ಗೂಸ್ ನೀರಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಸಿದ್ದು ಇದೇ ನಂಟು, ಜೀರಿಕ್‌ಜೇಲಿ ಅಧಿಕಾರಿಗಳನ್ನ ಹೊರಗೆ ಹಾಕಿಸಿದ್ದೂ ಇದೇ. ಹತ್ತು ವರ್ಷ ಒಟ್ಟಿಗೆ ಉಂಡು ಒಟ್ಟಿಗೆ ಸಾಲಲ್ಲಿ ನಿಂತೋರಿಗೆ ಎಲೆಕ್ತೊ ಆರಿಸೋದು ಎಷ್ಟು ಹೊತ್ತಿನ ಕೆಲಸ ಹೇಳಿ.

ಕಡಲಂಚು:

ಮೇಲಿನ ಉತ್ತರ ಚೆನ್ನಾಗಿದೆ, ಆದ್ರೆ ಒಂದು ಮಾತು ಸೇರಿಸ್ಲೇಬೇಕು. ದಂಗೆ ಎಷ್ಟು ಅಚ್ಚುಕಟ್ಟಾಗಿತ್ತು ಅಂತ ಓದ್ತಾ ಹೋದ್ರೆ ಆಂಟ್ವರ್ಪ್‌ನಲ್ಲಿ ಸತ್ತೋರು ಕಣ್ಮರೆ ಆಗ್ಬಿಡ್ತಾರೆ.

1576ರ ನವೆಂಬರ್ 4. ಆಲ್ಸ್ಟ್ ಊರಲ್ಲಿ ಕೂತಿದ್ದ ದಂಗೆಕೋರರು ನಡ್ಕೊಂಡು ಬಂದು ಆಂಟ್ವರ್ಪ್ ಕೋಟೆ ಸೇರಿದ್ರು, ಕೋಟೆ ಒಳಗೆ ಸಾಂಚೊ ದ'ಆವಿಲಾ, ಇವನು ದಂಗೆಕೋರ ಅಲ್ಲ, ರಾಜನ ಅಧಿಕಾರಿ. ಊರು ಕಾಯೋಕೆ ಅಂತ ಸ್ಟೇಟ್ಸ್ (ನೆದರ್ಲೆಂಡ್ಸ್ ಪ್ರಾಂತ್ಯಗಳ ಪ್ರತಿನಿಧಿ ಸಭೆ) ಕಡೆ ಪಡೆ ಬಂದು ರಾತ್ರಿಯೆಲ್ಲ ಕೋಟೆ ಎದುರು ಮಣ್ಣಿನ ಅಡ್ಡಗೋಡೆ ಕಟ್ಟಿತ್ತು. ಕೋಟೆಯಿಂದ ಹೊರಬಿದ್ದ ಹಳಬರು ಆ ಗೋಡೆನ ಅಷ್ಟು ಬೇಗ ಹಾರಿ ಬಂದ್ರು ಅಂದ್ರೆ ಕಾಯೋರು ನಿಲ್ಲಲೇ ಇಲ್ಲ. ಅಲ್ಲಿಂದ ಮುಂದೆ ನಡೆದಿದ್ದು ಯುದ್ಧ ಅಲ್ಲ. ಕಟ್ಟಿ ಹತ್ತು ವರ್ಷ ಆಗಿದ್ದ ಹೊಸ ಟೌನ್ ಹಾಲ್‌ಗೆ ಬೆಂಕಿ ಇಟ್ರು, ಸುತ್ತಲ ನೂರಾರು ಮನೆ ಹೊತ್ತಿ ಉರಿದವು, ದುಡ್ಡು ಎಲ್ಲಿಟ್ಟಿದೀಯ ಹೇಳು ಅಂತ ವ್ಯಾಪಾರಿಗಳಿಗೆ ಚಿತ್ರಹಿಂಸೆ ಕೊಟ್ರು, ಹೆಂಗಸರು ಮಕ್ಕಳು ಅಂತ ನೋಡಲಿಲ್ಲ. ಸಾಮಾನ್ಯವಾಗಿ ಹೇಳೋ ಲೆಕ್ಕ ಸುಮಾರು 7,000 ಜನ ಸತ್ತರು ಅಂತ. ಲೂಟಿ ದಿನಗಟ್ಟಲೆ ನಡೀತು. ಉತ್ತರ ಯುರೋಪಿನ ಅತಿ ದೊಡ್ಡ ವ್ಯಾಪಾರದ ಊರು ಅದು, ಅಲ್ಲಿನ ವ್ಯಾಪಾರಿಗಳು ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟ್ರು, 1585ರಲ್ಲಿ ಸ್ಪೇನ್ ಸೇನಾಪತಿ ಅಲೆಸ್ಸಾಂಡ್ರೊ ಫರ್ನೇಸೆ, ಮುಂದೆ ಪಾರ್ಮಾ ಡ್ಯೂಕ್ ಆದವನು, ಊರನ್ನ ಮತ್ತೆ ಹಿಡಿದ ಮೇಲಂತೂ ಆಮ್‌ಸ್ಟರ್‌ಡ್ಯಾಮ್‌ಗೆ ಸಾಲುಸಾಲು ವಲಸೆ.

ರಾಜಕೀಯವಾಗಿಯೂ ಸ್ಪೇನ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಅಲ್ಲಿ ತನಕ ಬಂಡಾಯ ಎದ್ದಿದ್ದು ಮುಖ್ಯವಾಗಿ ಹಾಲೆಂಡ್ ಮತ್ತೆ ಜೀಲ್ಯಾಂಡ್, ಲೂಟಿ ಆದ ನಾಲ್ಕೇ ದಿನಕ್ಕೆ, ನವೆಂಬರ್ 8ಕ್ಕೆ, ಕ್ಯಾಥೊಲಿಕ್ ಪ್ರಾಂತ್ಯಗಳೂ ಸೇರ್ಕೊಂಡು ಗೆಂಟ್‌ನಲ್ಲಿ ಒಪ್ಪಂದ ಮಾಡ್ಕೊಂಡವು, ಮೊದಲ ಬೇಡಿಕೆ ಸ್ಪ್ಯಾನಿಷ್ ಸೈನಿಕರು ನಮ್ಮ ನೆಲ ಬಿಟ್ಟು ಹೋಗಲಿ ಅಂತ. 1577ರಲ್ಲಿ ಹೋಗಲೂ ಬೇಕಾಯ್ತು, ವರ್ಷ ತುಂಬೋದ್ರೊಳಗೆ ವಾಪಸ್ ಬಂದ್ರು ಅನ್ನೋದು ಬೇರೆ ಮಾತು.

ಪುಟತಿರುವಿ:

ಎಲ್ರಿಗೂ ತುಂಬಾ ಧನ್ಯವಾದ, ಕಮರಾದಾ ವಿಷಯ ನನಗೆ ಹೊಸದು, ಅದನ್ನ ಓದಿದ ಮೇಲೆ ಎಷ್ಟೋ ಬಿಡಿಬಿಡಿ ವಿಷಯ ಒಂದಕ್ಕೊಂದು ಹೊಂದ್ಕೊಳ್ತಾ ಇವೆ. ಕಡಲಂಚು ಅವರು ಆಂಟ್ವರ್ಪ್ ಜನರ ಕಡೆಯಿಂದ ಬರೆದಿದ್ದು ಒಳ್ಳೇದಾಯ್ತು. ಇನ್ನೂ ಒಂದು ಕೇಳ್ತೀನಿ, ಸ್ಪೇನ್‌ನಿಂದ ಹಡಗಲ್ಲಿ ನೇರ ಫ್ಲ್ಯಾಂಡರ್ಸ್‌ಗೆ ಹೋಗೋದು ಬಿಟ್ಟು ಇಟಲಿ ಸುತ್ತಿ ಹೋಗ್ತಿದ್ದಿದ್ದು ಯಾಕೆ? ರೊಕ್ರುವಾ ಬಗ್ಗೆನೂ ಯಾರೂ ಇನ್ನೂ ಹೇಳಲಿಲ್ಲ.

ದಾರಿಹೋಕ:

ಎರಡಕ್ಕೂ ಒಂದೇ ಉತ್ತರದಲ್ಲಿ ಹೇಳ್ತೀನಿ, ಯಾಕಂದ್ರೆ ಎರಡಕ್ಕೂ ಸಂಬಂಧ ಇದೆ.

ಸಮುದ್ರ ದಾರಿ ಹತ್ತಿರ ಹೌದು, ಆದ್ರೆ ಇಂಗ್ಲಿಷ್ ಕಾಲುವೇಲಿ ಇಂಗ್ಲಿಷರು, ಫ್ರೆಂಚ್ ಪ್ರಾಟೆಸ್ಟೆಂಟರು, ಡಚ್ಚರು ಎಲ್ರೂ ಕಾಯ್ಕೊಂಡು ಕೂತಿದ್ರು. 1568ರ ಕೊನೇಲಿ ಆಗ ಫ್ಲ್ಯಾಂಡರ್ಸ್ ಗವರ್ನರ್ ಆಗಿದ್ದ ಆಲ್ಬಾ ಡ್ಯೂಕ್‌ನ ಸೈನ್ಯಕ್ಕೆ ಸಂಬಳದ ಹಣ ಹೊತ್ತು ಹೊರಟಿದ್ದ ಹಡಗುಗಳು ಇಂಗ್ಲೆಂಡ್ ಬಂದರುಗಳಿಗೆ ಹೋಗಿ ಸಿಕ್ಕಿಬಿದ್ದವು, ರಾಣಿ ಎಲಿಜಬೆತ್ ಆ ದುಡ್ಡು ತಾನೇ ಇಟ್ಕೊಂಡಳು. ಹಾಗಾಗಿ ಸೈನಿಕರನ್ನ ಬಾರ್ಸಿಲೋನಾದಿಂದ ಜಿನೋವಾಗೆ ಹಡಗಲ್ಲಿ ತಂದು, ಮಿಲಾನ್‌ನಿಂದ ಆಲ್ಪ್ಸ್ ದಾಟಿ, ಸವೊಯ್, ಫ್ರಾಂಷ್-ಕೋಂತೆ, ಲೊರೇನ್, ಲಕ್ಸೆಂಬರ್ಗ್ ಮೇಲೆ ಬ್ರಸೆಲ್ಸ್‌ಗೆ ನಡೆಸೋದು. ಸುಮಾರು 1,000 ಕಿಲೋಮೀಟರ್, ಮಾಮೂಲಿ ಆರೇಳು ವಾರದ ನಡಿಗೆ. 1567ರಲ್ಲಿ ಆಲ್ಬಾ ಸುಮಾರು 10,000 ಜನರನ್ನ ಈ ದಾರೀಲಿ ಮೊದಲ ಸಲ ಕರ್ಕೊಂಡು ಹೋದ. ಮುಂಚೆನೇ ಎಂಜಿನಿಯರ್‌ಗಳು ಹೋಗಿ ಕಣಿವೆ ದಾರಿ ಅಗಲ ಮಾಡಿಸೋದು, ಗುತ್ತಿಗೆ ಹಿಡಿದೋರು ಗೊತ್ತುಮಾಡಿದ ಊರಲ್ಲಿ ಬ್ರೆಡ್ಡು, ವೈನು, ಮಾಂಸ, ಮಲಗೋಕೆ ಜಾಗ ತಯಾರು ಇಡೋದು, ಲೆಕ್ಕ ಆಮೇಲೆ ತೀರಿಸೋದು. ಸ್ಪ್ಯಾನಿಷ್ ಭಾಷೇಲಿ ಇವತ್ತಿಗೂ ಭಾರೀ ಕಷ್ಟದ ಕೆಲಸಕ್ಕೆ ಫ್ಲ್ಯಾಂಡರ್ಸ್‌ನಲ್ಲಿ ಒಂದು ಈಟಿ ನಿಲ್ಲಿಸಿದ ಹಾಗೆ ಅಂತ ಗಾದೆ ಇದೆ.

ಈಗ ರೊಕ್ರುವಾ. 1630ರ ದಶಕದಲ್ಲಿ ಈ ದಾರಿ ತುಂಡಾಯ್ತು, ಫ್ರೆಂಚರು ಲೊರೇನ್ ಆಕ್ರಮಿಸ್ಕೊಂಡ್ರು, 1635ರಲ್ಲಿ ನೇರ ಯುದ್ಧ ಸಾರಿದ್ರು, 1638ರಲ್ಲಿ ರೈನ್ ನದಿ ಮೇಲಿನ ಬ್ರೈಸಾಖ್ ಕೈಬಿಟ್ಟು ಹೋಯ್ತು. ಸಮುದ್ರದಲ್ಲಾದ್ರೂ ಹೋಗೋಣ ಅಂತ 1639ರಲ್ಲಿ ದೊಡ್ಡ ನೌಕಾಪಡೆ ಕಳಿಸಿದ್ರೆ ಡಚ್ ಅಡ್ಮಿರಲ್ ಟ್ರೋಂಪ್ ಅದನ್ನ ಇಂಗ್ಲೆಂಡ್ ದಡದ ಡೌನ್ಸ್‌ನಲ್ಲಿ ನಾಶ ಮಾಡ್ದ. 1640ರಲ್ಲಿ ಕ್ಯಾಟಲೋನಿಯಾ, ಪೋರ್ಚುಗಲ್ ಎರಡೂ ದಂಗೆ ಎದ್ದವು, ಇದ್ದಬದ್ದ ಹುಡುಗರೆಲ್ಲ ಅಲ್ಲಿಗೆ ಬೇಕಾಯ್ತು. ಅಂದ್ರೆ 1643ರ ಮೇ 19ಕ್ಕೆ ರೊಕ್ರುವಾ ಬಯಲಲ್ಲಿ ನಿಂತ ಸ್ಪ್ಯಾನಿಷ್ ತೆರ್ಸಿಯೋಗಳ ಹಿಂದೆ ಹೊಸಬರನ್ನ ಕಳಿಸೋ ಆ ಇಟಲಿ ಶಾಲೆ ಇರಲಿಲ್ಲ.

ಯುದ್ಧದ ದಿನ ಇವರ ಎಡಗಡೆ ಕುದುರೆ ಪಡೆ ಮುರಿದು ಓಡಿತು, 21 ವರ್ಷದ ಫ್ರೆಂಚ್ ಸೇನಾಪತಿ ಆಂಗ್ಯಾನ್ ಡ್ಯೂಕ್ ಹಿಂದಿನಿಂದ ಸುತ್ತಿ ಬಂದ, ಜರ್ಮನ್, ವಾಲೂನ್, ಇಟಾಲಿಯನ್ ಪಡೆಗಳು ಚದುರಿದವು ಇಲ್ಲ ಹಿಂದೆ ಸರಿದವು. ಸ್ಪ್ಯಾನಿಷ್ ಚೌಕಗಳು ಮಾತ್ರ ನಿಂತವು. ಇವರ ಕಾಲಾಳು ಪಡೆ ನಾಯಕ ಫೊಂತೇನ್, ಸಂಧಿವಾತದಿಂದ ನಡೆಯೋಕಾಗದೆ ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಬಂದಿದ್ದ ಮುದುಕ, ಗುಂಡು ಬಿದ್ದು ಸತ್ತ. ಫ್ರೆಂಚರ ಒಂದಾದ ಮೇಲೊಂದು ದಾಳಿಯನ್ನ ಹಿಂದಕ್ಕೆ ತಳ್ಳಿದ ಮೇಲೆ, ಫಿರಂಗಿ ತಂದು ಹತ್ತಿರದಿಂದ ಹೊಡೆಯೋಕೆ ಶುರು ಮಾಡಿದಾಗ, ಉಳಿದೋರು ಷರತ್ತು ಹಾಕಿ ಶರಣಾದ್ರು. ಬಯಲಲ್ಲಿ ನಿಂತ ಪಡೆಗೆ ಕೋಟೆ ಒಳಗಿನೋರಿಗೆ ಕೊಡೋ ಥರದ ಷರತ್ತು ಕೊಟ್ಟಿದ್ದು, ಜೀವ ಉಳಿಸಿ ಸ್ಪೇನ್‌ಗೆ ಕಳಿಸ್ತೀವಿ ಅಂತ, ಇದು ಅಪರೂಪ.

ನದಿಮುಖ:

ದಾರಿಹೋಕ ಅವರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ತೀನಿ. ರೊಕ್ರುವಾ ಅಷ್ಟು ಹೆಸರು ಮಾಡಿದ್ದಕ್ಕೆ ಇನ್ನೊಂದು ಕಾರಣ, ಅದಕ್ಕೆ ಐದೇ ದಿನ ಮುಂಚೆ ಹದಿಮೂರನೇ ಲೂಯಿ ಸತ್ತು ನಾಲ್ಕು ವರ್ಷದ ಮಗು ಹದಿನಾಲ್ಕನೇ ಲೂಯಿ ರಾಜ ಆಗಿದ್ದ, ಹೊಸ ಆಳ್ವಿಕೆಗೆ ಇಂಥ ಒಂದು ಗೆಲುವು ಬೇಕಿತ್ತು, ಫ್ರೆಂಚರು ಅದನ್ನ ಎಲ್ಲಾ ಕಡೆ ಹಾಡಿ ಹೊಗಳಿದ್ರು. ಆದ್ರೆ ತೆರ್ಸಿಯೋಗಳು ಅಲ್ಲಿಗೆ ಮುಗೀಲಿಲ್ಲ. ರೊಕ್ರುವಾ ಗೆದ್ದ ಅದೇ ಆಂಗ್ಯಾನ್, ಮುಂದೆ ಕೊಂದೆ ರಾಜಕುಮಾರ ಆದವನು, ತನ್ನ ದೇಶದ ಒಳಜಗಳದಲ್ಲಿ ಸೋತು ಸ್ಪೇನ್ ಕಡೆಗೇ ಬಂದ, 1656ರಲ್ಲಿ ವಾಲೆನ್ಸಿಯೆನ್‌ನಲ್ಲಿ ಈ ತೆರ್ಸಿಯೋಗಳ ಜೊತೆನೇ ನಿಂತು ಫ್ರೆಂಚ್ ಸೇನಾಪತಿ ತ್ಯೂರೆನ್‌ನ ಮುತ್ತಿಗೆ ಮುರಿದ. ಎರಡು ವರ್ಷಕ್ಕೆ, 1658ರ ಜೂನ್‌ನಲ್ಲಿ, ಡನ್‌ಕರ್ಕ್ ಹತ್ರ ಮರಳು ದಿಬ್ಬಗಳಲ್ಲಿ ತ್ಯೂರೆನ್ ಮತ್ತೆ ಕ್ರಾಮ್‌ವೆಲ್ ಕಳಿಸಿದ ಇಂಗ್ಲಿಷ್ ಪಡೆ ಸೇರಿ ಇವರನ್ನ ಸೋಲಿಸಿದ್ರು. ನನ್ನ ಕೇಳಿದ್ರೆ ಹಿಂದಿರುಗಿ ಬರಲಾಗದ ಸೋಲು ಅದು, ಮರುವರ್ಷ ಪಿರೆನೀಸ್ ಒಪ್ಪಂದಕ್ಕೆ ಸಹಿ ಬಿತ್ತು.

ಕೋಟೆಬಾಗಿಲು:

ಹೆಸರಿನ ಲೆಕ್ಕದಲ್ಲಿ ತೆರ್ಸಿಯೋ ಕೊನೆಯಾಗಿದ್ದು 1704ರಲ್ಲಿ, ಐದನೇ ಫಿಲಿಪ್ ಫ್ರೆಂಚ್ ಮಾದರೀಲಿ ರೆಜಿಮೆಂಟ್‌ಗಳನ್ನಾಗಿ ಬದಲಾಯಿಸಿದಾಗ. 1920ರಲ್ಲಿ ಮಿಲ್ಯಾನ್ ಅಸ್ತ್ರಾಯ್ ಮೊರೊಕ್ಕೊ ಯುದ್ಧಕ್ಕೆ ಅಂತ ವಿದೇಶಿ ಪಡೆ ಕಟ್ಟಿದಾಗ ಆ ಹೆಸರನ್ನ ಮತ್ತೆ ತಂದ, ಅದೇ ಈಗಿನ ಸ್ಪ್ಯಾನಿಷ್ ಲೀಜನ್. ಅದರ ನಾಲ್ಕು ತೆರ್ಸಿಯೋಗಳಿಗೆ ಗ್ರಾನ್ ಕಪಿತಾನ್, ಆಲ್ಬಾ ಡ್ಯೂಕ್, ಆಸ್ಟ್ರಿಯಾದ ಡಾನ್ ಹುವಾನ್, ಅಲೆಸ್ಸಾಂಡ್ರೊ ಫರ್ನೇಸೆ ಹೆಸರಿದೆ, ಗ್ರಾನ್ ಕಪಿತಾನ್ ತೆರ್ಸಿಯೋಗೆ ಬೇರು ಹಾಕಿದವನು, ಉಳಿದ ಮೂವರೂ ಹಳೇ ತೆರ್ಸಿಯೋ ಕಾಲದ ಸೇನಾಪತಿಗಳೇ. ಲೀಜನ್ ಕಥೆ ಹೇಳೋಕೆ ಬೇರೆ ಥ್ರೆಡ್ಡೇ ಬೇಕು, ಯಾರಾದ್ರೂ ಶುರು ಮಾಡಿ, 1921ರಲ್ಲಿ ಮೊರೊಕ್ಕೊದ ಆನುವಾಲ್‌ನಲ್ಲಿ ಸ್ಪೇನ್ ಕಂಡ ಸೋಲಿನ ಬಗ್ಗೆ ನಾನು ಬರೀತೀನಿ.